ಬಂಬಾಲಿಯ ಹುಡುಗ ಮತ್ತು ನಮ್ಮ ಮಕ್ಕಳು



ಇಂದು ಮನೆಗೆ ಹೋದಾಗ ನಿಮ್ಮ ಮಗನ ಕೋಣೆಯನ್ನೊಮ್ಮೆ ನೋಡಿರಿ. ಗೋಡೆಯ ಮೇಲೆ ಯಾರಾದರೂ ಫುಟ್ಬಾಲ್ ಆಟಗಾರನ ಚಿತ್ರವಿರಬಹುದು. ಪೆರ್ನಾಲಿಗೆ ಹೊಲಿಸಿದ ಅಂಗಿಗಿಂತಲೂ ಆ ಆಟಗಾರನ ಹೆಸರಿರುವ ಜೆರ್ಸಿಯ ಮೇಲೆ ಅವನಿಗೆ ಹೆಚ್ಚು ಮೋಹವಿರಬಹುದು. ಯುರೋಪಿನ ದೊಡ್ಡ ಪಂದ್ಯಗಳು ನಮ್ಮಲ್ಲಿ ನಡುರಾತ್ರಿಯ ಬಳಿಕ ಆರಂಭವಾಗುತ್ತವೆ. ಅದಕ್ಕಾಗಿ ಅಲಾರಂ ಇಟ್ಟು ಎದ್ದ ಹುಡುಗನಿಗೆ ಸುಬ್‌ಹಿಯ ಬಾಂಗ್ ಕೇಳಿಸುವುದಿಲ್ಲ. ತಾಯಿ ಕರೆಯುತ್ತಾಳೆ, ತಂದೆ ಗದರಿಸುತ್ತಾರೆ. ಹುಡುಗ ಹೊದಿಕೆಯನ್ನು ತಲೆಯ ಮೇಲೆ ಎಳೆದುಕೊಳ್ಳುತ್ತಾನೆ. ಮನೆಯಲ್ಲಿ ಜಗಳ. ಕೊನೆಗೆ ತಂದೆಯ ಬಾಯಿಂದ ಬರುವ ಮಾತು ಒಂದೇ: "ಆ ಆಟಗಾರನಿಂದ ನಿನಗೇನು ಸಿಗುತ್ತದೆ?"

ಈ ಪ್ರಶ್ನೆ ಸಿಟ್ಟಿನಲ್ಲಿ ಕೇಳಿದ್ದಾದರೂ ಬಹಳ ಒಳ್ಳೆಯ ಪ್ರಶ್ನೆ. ಆದರೆ ನಾವು ಅದನ್ನು ಕೇಳಿ ಬಿಟ್ಟುಬಿಡುತ್ತೇವೆ, ಉತ್ತರ ಹುಡುಕುವುದಿಲ್ಲ. ಇಂದು ಆ ಉತ್ತರವನ್ನು ಸ್ವಲ್ಪ ಹುಡುಕೋಣ.

ಅಂತ್ಯದಿನ ಯಾವಾಗ ಬರುತ್ತದೆಂದು ಒಬ್ಬ ವ್ಯಕ್ತಿ ಪ್ರವಾದಿಯವರೊಡನೆ(ಸ) ಕೇಳಿದರು. ಅದಕ್ಕಾಗಿ ನೀವೇನು ಸಿದ್ಧತೆ ಮಾಡಿದ್ದೀರಿ ಎಂದು ಪ್ರವಾದಿ(ಸ) ಮರಳಿ ಕೇಳಿದರು. ತನ್ನಲ್ಲಿ ಹೇಳಿಕೊಳ್ಳುವಂತಹ ಸತ್ಕರ್ಮಗಳೇನೂ ಇಲ್ಲ, ಅಲ್ಲಾಹನನ್ನೂ ಅವನ ಸಂದೇಶವಾಹಕರನ್ನೂ ಪ್ರೀತಿಸುತ್ತೇನೆ ಎಂದು ಆತ ಉತ್ತರಿಸಿದರು. ಮನುಷ್ಯನು ತಾನು ಪ್ರೀತಿಸುವವರ ಜೊತೆಗೇ ಇರುವನೆಂದು ಪ್ರವಾದಿ(ಸ) ಅವರಿಗೆ ಶುಭವಾರ್ತೆ ನೀಡಿದರು. ಈ ಮಾತನ್ನು ಕೇಳಿ ಸಹಾಬಿಗಳಿಗೆ ಆದ ಸಂತೋಷ ಅಷ್ಟಿಷ್ಟಲ್ಲ.

ಇದು ಸಂತೋಷದ ಮಾತು ಹೌದು. ಆದರೆ ಅದರಲ್ಲಿ ಎಚ್ಚರಿಕೆಯೂ ಅಡಗಿದೆ. ನಮ್ಮ ಮಕ್ಕಳು ಯಾರನ್ನು ಪ್ರೀತಿಸುತ್ತಿದ್ದಾರೆ? ಅವರಲ್ಲಿ ಏನನ್ನು ಪ್ರೀತಿಸುತ್ತಿದ್ದಾರೆ?

ಆಟ ಪಾಪವೇ?

ಮೊದಲು ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಇಸ್ಲಾಮ್ ಆಟದ ಶತ್ರುವಲ್ಲ. ಪ್ರವಾದಿವರ್ಯರು(ಸ) ತಮ್ಮ ಪತ್ನಿ ಆಯಿಶಾರೊಂದಿಗೆ(ರ) ಓಟದ ಪಂದ್ಯ ನಡೆಸಿದ್ದರು. ಹಬ್ಬದ ದಿನ ಅಬಿಸೀನಿಯದವರು ಮಸೀದಿಯಲ್ಲಿ ಈಟಿಗಳೊಂದಿಗೆ ಆಡಿದಾಗ ಆಯಿಶಾ(ರ) ದಣಿಯುವ ತನಕ ನೋಡಲು ಅವಕಾಶ ನೀಡಿದ್ದರು. ಬಿಲ್ಲುವಿದ್ಯೆಯನ್ನು ಪ್ರೋತ್ಸಾಹಿಸಿದ್ದರು. ದೇಹವು ಅಲ್ಲಾಹನ ಅಮಾನತ್ತು. ಅದನ್ನು ಗಟ್ಟಿಯಾಗಿಡುವುದು ಒಳ್ಳೆಯ ಕೆಲಸ. ಆಟವು ನಮಾಝನ್ನು ನುಂಗಿದಾಗ, ಜೂಜಿಗೆ ದಾರಿಯಾದಾಗ, ಆಟಗಾರನು ಮನಸ್ಸಿನಲ್ಲಿ ವಿಗ್ರಹವಾಗಿ ಕುಳಿತಾಗ ತಕರಾರು ಹುಟ್ಟುತ್ತದೆ. ಆದುದರಿಂದ "ಆಟ ನೋಡಬೇಡ" ಎಂದಷ್ಟೇ ಹೇಳಿ ತಂದೆಯ ಹೊಣೆಗಾರಿಕೆ ಮುಗಿಯುವುದಿಲ್ಲ. ಹೇಗೆ ನೋಡಬೇಕೆಂದು ಕಲಿಸಬೇಕಾಗಿದೆ.

ಅದಕ್ಕಾಗಿ ನಮ್ಮ ಬಹಳಷ್ಟು ಯುವಕರು ಮೆಚ್ಚುವ ಒಬ್ಬ ಆಟಗಾರನ ಬದುಕನ್ನೇ ಎತ್ತಿಕೊಳ್ಳೋಣ. ಅವರ ಹೆಸರು ಸಾದಿಯೊ ಮಾನೆ.

ಆಸ್ಪತ್ರೆಯಿಲ್ಲದ ಊರು

ಪಶ್ಚಿಮ ಆಫ್ರಿಕಾದ ಸೆನೆಗಲ್ ದೇಶದಲ್ಲಿ ಬಂಬಾಲಿ ಎಂಬ ಹಳ್ಳಿಯಿದೆ. ರಾಜಧಾನಿ ಡಾಕರ್‌ನಿಂದ ಬಹಳ ದೂರದಲ್ಲಿ, ದೇಶದ ದಕ್ಷಿಣ ಭಾಗದಲ್ಲಿರುವ ಊರದು. 1992ರ ಎಪ್ರಿಲ್ 10ರಂದು ಮಾನೆ ಅಲ್ಲಿ ಹುಟ್ಟಿದರು. ತಂದೆ ಊರಿನ ಮಸೀದಿಯ ಇಮಾಮರಾಗಿದ್ದರು. ಬಡ ಕುಟುಂಬ. ಹುಡುಗನಿಗೆ ಚೆಂಡಿನ ಹುಚ್ಚು. ಚೆಂಡು ಸಿಗದಿದ್ದರೆ ಕಾಲಿಗೆ ಸಿಕ್ಕಿದ್ದೇ ಚೆಂಡು.

ಹುಡುಗನಿಗೆ ಏಳು ವರ್ಷವಾಗಿದ್ದಾಗ ತಂದೆ ಹೊಟ್ಟೆಯ ಕಾಯಿಲೆಯಿಂದ ಮಲಗಿದರು. ಊರಿನಲ್ಲಿ ಆಸ್ಪತ್ರೆ ಇರಲಿಲ್ಲ. ನಾಟಿಮದ್ದಿನಿಂದ ಸ್ವಲ್ಪ ಕಾಲ ದಿನ ದೂಡಿದರು. ನಂತರ ಬೇರೊಂದು ಹಳ್ಳಿಗೆ ಕೊಂಡೊಯ್ದರು. ಅಲ್ಲೇ ತೀರಿಕೊಂಡರು. ಆಡಲು ಹೊರಟಿದ್ದ ಮಗನಿಗೆ ಸಂಬಂಧಿಕನೊಬ್ಬ ಬಂದು ಸುದ್ದಿ ತಿಳಿಸಿದ. ಆ ಹುಡುಗನಿಗೆ ಮೊದಲು ಅದು ತಮಾಷೆಯೆಂದೇ ತೋರಿತಂತೆ.

ಈ ಘಟನೆಯನ್ನು ನೆನಪಿನಲ್ಲಿಡಿರಿ. ಇದೇ ಗಾಯ ಮುಂದೆ ಯಾವ ರೂಪ ಪಡೆಯಿತೆಂದು ನೋಡಲಿಕ್ಕಿದೆ.

ಓಡಿಹೋದವನು ಮರಳಿ ಬಂದುದು

2002ರ ವಿಶ್ವಕಪ್‌ನಲ್ಲಿ ಸೆನೆಗಲ್ ತಂಡ ಮೊದಲ ಪಂದ್ಯದಲ್ಲೇ ಆಗಿನ ಚಾಂಪಿಯನ್ ಫ್ರಾನ್ಸನ್ನು ಸೋಲಿಸಿತು. ಹತ್ತು ವರ್ಷದ ಮಾನೆಯ ಕನಸು ಅಂದಿನಿಂದ ಗಟ್ಟಿಯಾಯಿತು. ಆದರೆ ತಾಯಿಗೆ ಮಗ ಓದಬೇಕು, ಶಿಕ್ಷಕನಾಗಬೇಕು ಎಂಬಾಸೆ. ಚೆಂಡು ಒದ್ದು ಬದುಕಿದವರನ್ನು ಆ ಊರಿನಲ್ಲಿ ಯಾರೂ ಕಂಡವರಿಲ್ಲ. ಕೊನೆಗೆ ಹದಿಹರೆಯದಲ್ಲಿ ಆತ ಮನೆಯವರಿಗೆ ಹೇಳದೆ ಡಾಕರ್‌ಗೆ ಓಡಿಹೋದ. ಒಬ್ಬ ಗೆಳೆಯನಿಗೆ ಮಾತ್ರ ಗುಟ್ಟು ಗೊತ್ತಿತ್ತು. ಮನೆಯವರು ಆ ಗೆಳೆಯನ ಬಾಯಿ ಬಿಡಿಸಿ ಹುಡುಗನನ್ನು ಪತ್ತೆ ಹಚ್ಚಿದರು.

ಮಕ್ಕಳೇ, ಈ ಪುಟವನ್ನು ನೀವು ಓದುತ್ತಿದ್ದರೆ ಇಲ್ಲಿ ಸ್ವಲ್ಪ ನಿಲ್ಲಿರಿ. ಕಥೆಯ ಈ ಭಾಗವನ್ನು ಹೇಳಿ "ಓಡಿಹೋದುದರಿಂದಲೇ ದೊಡ್ಡವನಾದ" ಎನ್ನುವವರಿದ್ದಾರೆ. ಅದು ಪೂರ್ಣ ಸತ್ಯವಲ್ಲ. ಆತ ಮರಳಿ ಬಂದ. ಇನ್ನೊಂದು ವರ್ಷ ಶಾಲೆಗೆ ಹೋಗುತ್ತೇನೆ, ಆ ಬಳಿಕ ನನ್ನನ್ನು ಆಡಲು ಬಿಡಬೇಕು ಎಂದು ಮನೆಯವರೊಂದಿಗೆ ಒಪ್ಪಂದ ಮಾಡಿಕೊಂಡ. ಆ ವರ್ಷವನ್ನು ಪೂರ್ತಿಗೊಳಿಸಿದ. ಎರಡನೆಯ ಬಾರಿ ಮನೆ ಬಿಟ್ಟದ್ದು ಮನೆಯವರ ಒಪ್ಪಿಗೆಯೊಂದಿಗೆ. ತಾಯಿಯ ಕಣ್ಣೀರಿನ ಮೇಲೆ ನಡೆದು ಹೋದ ದಾರಿ ಡಾಕರ್‌ನಲ್ಲೇ ಮುಗಿದುಹೋಯಿತು. ಅವರ ಒಪ್ಪಿಗೆಯಿಂದ ಹೊರಟ ದಾರಿ ಯುರೋಪಿನ ತನಕ ಸಾಗಿತು.

ತಂದೆತಾಯಂದಿರೇ, ನಿಮಗೂ ಇದರಲ್ಲಿ ಪಾಠವಿದೆ. ಆ ಕುಟುಂಬವು ಮರಳಿ ಬಂದ ಹುಡುಗನ ಕಾಲು ಮುರಿಯಲಿಲ್ಲ, ಅವನನ್ನು ಕೂರಿಸಿ ಮಾತನಾಡಿತು. ನಿಮ್ಮ ಮಗನೊಂದಿಗೆ ನೀವು ಕುಳಿತು ಮಾತನಾಡಿ ಎಷ್ಟು ದಿನಗಳಾದವು?

ಹರಿದ ಬೂಟಿನಿಂದ ಮೇಲಕ್ಕೆ

ಡಾಕರ್‌ನಲ್ಲಿ ಆಯ್ಕೆಯ ದಿನ ಆತನ ಹರಿದ ಬೂಟನ್ನೂ ಚಡ್ಡಿಯನ್ನೂ ನೋಡಿ ಒಬ್ಬರು, ಇದರಲ್ಲಿ ಆಡುವೆಯಾ ಎಂದು ಕೇಳಿದರಂತೆ. ತನ್ನಲ್ಲಿರುವುದರಲ್ಲಿ ಉತ್ತಮವಾದುದು ಇದೇ ಎಂದು ಹುಡುಗ ಉತ್ತರಿಸಿದ. ಆಟ ನೋಡಿದ ಮೇಲೆ ಬೂಟಿನ ಮಾತು ಯಾರೂ ಎತ್ತಲಿಲ್ಲ. ಜನರೇಶನ್ ಫುಟ್ ಎಂಬ ತರಬೇತಿ ಸಂಸ್ಥೆ ಆತನನ್ನು ಸೇರಿಸಿಕೊಂಡಿತು. 2011ರಲ್ಲಿ ಫ್ರಾನ್ಸಿನ ಮೆಟ್ಸ್, 2012ರಲ್ಲಿ ಆಸ್ಟ್ರಿಯದ ಸಾಲ್ಸ್‌ಬರ್ಗ್, 2014ರಲ್ಲಿ ಇಂಗ್ಲೆಂಡಿನ ಸೌತಾಂಪ್ಟನ್ ಕ್ಲಬ್ಬುಗಳಿಗೆ ಅವರು ಆಡಿದರು. 2015ರ ಮೇ 16ರಂದು ಆಸ್ಟನ್ ವಿಲ್ಲಾ ತಂಡದ ವಿರುದ್ಧ 2 ನಿಮಿಷ 56 ಸೆಕೆಂಡುಗಳಲ್ಲಿ ಮೂರು ಗೋಲು ಹೊಡೆದು ಪ್ರೀಮಿಯರ್ ಲೀಗ್‌ನಲ್ಲಿ ದಾಖಲೆ ನಿರ್ಮಿಸಿದರು.

2016ರಲ್ಲಿ ಲಿವರ್‌ಪೂಲ್ ಕ್ಲಬ್ ಅವರನ್ನು ಮೂರು ಕೋಟಿಗೂ ಮಿಕ್ಕಿದ ಪೌಂಡ್ ಕೊಟ್ಟು ಪಡೆಯಿತು. ಅಲ್ಲಿ ಆರು ವರ್ಷ, 269 ಪಂದ್ಯ, 120 ಗೋಲು. 2019ರ ಜೂನ್ 1ರಂದು ಯುರೋಪಿನ ಚಾಂಪಿಯನ್ಸ್ ಲೀಗ್ ಕಪ್, ಮರುವರ್ಷ ಇಂಗ್ಲೆಂಡಿನ ಲೀಗ್ ಪ್ರಶಸ್ತಿ. 2019ರಲ್ಲಿಯೂ 2022ರಲ್ಲಿಯೂ ಆಫ್ರಿಕಾದ ಶ್ರೇಷ್ಠ ಆಟಗಾರನೆಂಬ ಗೌರವ. ಈ ಅಂಕಿಅಂಶಗಳು ನಿಮ್ಮ ಮಗನಿಗೆ ಬಾಯಿಪಾಠವಾಗಿರುತ್ತವೆ. ನಾನು ಹೇಳಬೇಕೆಂದಿರುವುದು ಅಂಕಿಅಂಶಗಳಲ್ಲಿ ಬರೆಯದ ವಿಷಯಗಳನ್ನು.

ಮಸೀದಿಯ ಶೌಚಾಲಯ

2018ರ ಸೆಪ್ಟೆಂಬರ್ 1ರಂದು ಲಿವರ್‌ಪೂಲ್ ತಂಡವು ಲೆಸ್ಟರ್ ತಂಡವನ್ನು ಸೋಲಿಸಿತು. ಮಾನೆ ಒಂದು ಗೋಲು ಹೊಡೆದಿದ್ದರು. ಆ ಪಂದ್ಯದ ಬಳಿಕ ಒಂದು ವೀಡಿಯೊ ಹೊರಬಂತು. ಲಿವರ್‌ಪೂಲ್ ನಗರದ ಮಸೀದಿಯೊಂದರಲ್ಲಿ, ಜನರು ವುಝೂ ಮಾಡುವ ಮತ್ತು ಶೌಚಕ್ಕೆ ಹೋಗುವ ಸ್ಥಳವನ್ನು ಮಾನೆ ಸ್ವಚ್ಛಗೊಳಿಸುತ್ತಿದ್ದರು. ಸಾವಿರಾರು ಮಂದಿ ಕೂಗಿ ಕರೆಯುವ ಹೆಸರಿನ ಮನುಷ್ಯ ಬಕೆಟ್ ಹಿಡಿದು ನಿಂತಿದ್ದರು.

ಇದನ್ನು ಕೇಳುವಾಗ ಪ್ರವಾದಿಯವರ(ಸ) ಕಾಲದ ಒಬ್ಬ ಬಡ ಮಹಿಳೆಯ ನೆನಪಾಗುತ್ತದೆ. ಆಕೆ ಮಸೀದಿಯನ್ನು ಗುಡಿಸುತ್ತಿದ್ದರು. ಒಂದು ರಾತ್ರಿ ತೀರಿಕೊಂಡರು. ಇಷ್ಟು ಸಣ್ಣ ವಿಷಯಕ್ಕೆ ಪ್ರವಾದಿಯವರನ್ನು(ಸ) ಎಬ್ಬಿಸುವುದೇಕೆಂದು ಜನರು ದಫನ ಮಾಡಿ ಬಂದರು. ಆಕೆ ಕಾಣದಿದ್ದಾಗ ಪ್ರವಾದಿ(ಸ) ವಿಚಾರಿಸಿದರು. ತನಗೇಕೆ ತಿಳಿಸಲಿಲ್ಲವೆಂದು ಕೇಳಿದರು. ಆಕೆಯ ಸಮಾಧಿಯ ಬಳಿಗೆ ಹೋಗಿ ನಮಾಝ್ ನಿರ್ವಹಿಸಿದರು. ಜನರ ಕಣ್ಣಿಗೆ ಸಣ್ಣದಾಗಿ ಕಂಡ ಕೆಲಸ ಅಲ್ಲಾಹನ ಬಳಿ ಎಷ್ಟು ದೊಡ್ಡದು!

ನಮ್ಮ ಜಮಾಅತ್ತಿನ ಮಸೀದಿಗಳಲ್ಲಿ ಆಡಳಿತ ಸಮಿತಿಯ ಕುರ್ಚಿಗಾಗಿ ಸ್ಪರ್ಧೆ ನಡೆಯುತ್ತದೆ. ಪೊರಕೆಗಾಗಿ ಸ್ಪರ್ಧೆ ನಡೆದುದನ್ನು ಎಲ್ಲಿಯಾದರೂ ಕಂಡಿದ್ದೀರಾ? ವುಝೂವಿನ ಹೌಳ್ ಪಾಚಿ ಕಟ್ಟಿದರೆ ನಾವು ಮುಕ್ರಿಯವರನ್ನು ಗದರಿಸುತ್ತೇವೆಯೇ ಹೊರತು ಅಂಗಿಯ ತೋಳು ಮಡಚುವುದಿಲ್ಲ. ಮಗ ಮಾನೆಯ ಜೆರ್ಸಿ ಕೇಳಿದರೆ ತೆಗೆದುಕೊಡಿರಿ. ಆದರೆ ಮುಂದಿನ ಶುಕ್ರವಾರ ಅವನ ಕೈಗೆ ಒಂದು ಪೊರಕೆಯನ್ನೂ ಕೊಡಿರಿ. ಇನ್ನೊಂದನ್ನು ನೀವು ಹಿಡಿಯಿರಿ.

ಒಂದೇ ರಾತ್ರಿಯ ಎರಡು ಒದೆತಗಳು

ಮಾನೆಯ ಬದುಕೆಲ್ಲ ಗೆಲುವೇ ಎಂದು ಭಾವಿಸಬೇಡಿರಿ. 2017ರ ಆಫ್ರಿಕಾ ಕಪ್‌ನ ಕ್ವಾರ್ಟರ್ ಫೈನಲ್‌ನಲ್ಲಿ ಕ್ಯಾಮರೂನ್ ವಿರುದ್ಧ ಅವರ ಪೆನಾಲ್ಟಿ ವಿಫಲವಾಗಿ ದೇಶ ಸೋತಿತು. 2019ರಲ್ಲಿ ಫೈನಲ್ ತಲುಪಿ ಅಲ್ಜೀರಿಯಕ್ಕೆ ಸೋತರು. 2022ರ ಫೆಬ್ರವರಿ 6ರಂದು ಮತ್ತೆ ಫೈನಲ್, ಎದುರಾಳಿ ಈಜಿಪ್ಟ್. ಆರಂಭದ ಏಳನೆಯ ನಿಮಿಷದಲ್ಲೇ ಸೆನೆಗಲ್‌ಗೆ ಪೆನಾಲ್ಟಿ ಸಿಕ್ಕಿತು. ಮಾನೆ ಒದ್ದರು. ಗೋಲಿ ತಡೆದುಬಿಟ್ಟ.

ಅನಂತರ ಎರಡು ಗಂಟೆಗಳ ಕಾಲ ಆ ಭಾರವನ್ನು ಹೊತ್ತು ಆಡಿದರು. ಗೋಲಿಲ್ಲದೆ ಪಂದ್ಯ ಮುಗಿದು ಪೆನಾಲ್ಟಿಗಳಿಂದಲೇ ತೀರ್ಮಾನವಾಗಬೇಕಾಯಿತು. ಕೊನೆಯ ನಿರ್ಣಾಯಕ ಒದೆತಕ್ಕೆ ಮುಂದೆ ಬಂದವರು ಯಾರು? ತಪ್ಪಿಸಿಕೊಂಡವರೇ! ಈ ಬಾರಿ ಚೆಂಡು ಬಲೆ ಸೇರಿತು. ಸೆನೆಗಲ್ ಇತಿಹಾಸದಲ್ಲಿ ಮೊತ್ತಮೊದಲ ಬಾರಿಗೆ ಆಫ್ರಿಕಾ ಕಪ್ ಗೆದ್ದಿತು. ತಂಡದ ಕೋಚ್ ಆಲಿಯು ಸಿಸ್ಸೆ 2002ರ ಫೈನಲ್‌ನಲ್ಲಿ ತಾನೇ ಪೆನಾಲ್ಟಿ ತಪ್ಪಿಸಿಕೊಂಡು ಕಪ್ ಕಳೆದುಕೊಂಡಿದ್ದ ನಾಯಕ. ಇಪ್ಪತ್ತು ವರ್ಷಗಳ ಬಳಿಕ ಅವರ ಕಣ್ಣೀರೂ ಒರೆಸಲ್ಪಟ್ಟಿತು.

ಸಹೋದರರೇ, ತೌಬಾದ ಬಾಗಿಲಿಗೂ ಇದೇ ರೀತಿ ಮರಳಬೇಕು. ಶೈತಾನನು ಎರಡು ಸಲ ಮೋಸ ಮಾಡುತ್ತಾನೆ. ಮೊದಲು ಪಾಪ ಮಾಡಿಸುತ್ತಾನೆ. ಆ ಬಳಿಕ, ನಿನ್ನಂತಹವನಿಗೆ ಇನ್ನೇನು ನಮಾಝ್ ಎಂದು ಕಿವಿಯಲ್ಲಿ ಊದುತ್ತಾನೆ. ಈ ಎರಡನೆಯ ಮೋಸ ಮೊದಲಿನದ್ದಕ್ಕಿಂತ ದೊಡ್ಡದು. ಇಂದು ಸುಬ್‌ಹಿ ತಪ್ಪಿದವನು ನಾಳೆ ಮೊದಲ ಸಫ್ಫಿನಲ್ಲಿ ನಿಲ್ಲಬಾರದೆಂದು ಯಾರೂ ಹೇಳಿಲ್ಲ. ಅಲ್ಲಾಹನ ಕರುಣೆಯ ಬಗ್ಗೆ ನಿರಾಶರಾಗಬಾರದೆಂದು ಪವಿತ್ರ ಕುರ್‌ಆನ್ ತಮ್ಮ ಮೇಲೆ ತಾವೇ ಅತಿರೇಕವೆಸಗಿದವರಿಗೇ ಕರೆ ಕೊಟ್ಟಿದೆ.

ಅದೇ ವರ್ಷದ ನವೆಂಬರಿನಲ್ಲಿ ಕತಾರ್‌ನ ವಿಶ್ವಕಪ್‌ಗೆ ಕೆಲವೇ ದಿನಗಳಿರುವಾಗ ಮಾನೆಯ ಕಾಲಿಗೆ ಗಾಯವಾಯಿತು. ಶಸ್ತ್ರಚಿಕಿತ್ಸೆ ನಡೆಯಿತು. ಅವರ ದೇಶ ಆಡಿತು, ಅವರು ಆಡಲಿಲ್ಲ. ಕಾಲಿನ ಶಕ್ತಿ ಕೊಟ್ಟವನು ಅದನ್ನು ಹಿಂದಕ್ಕೆ ಪಡೆಯಲು ಒಂದು ಕ್ಷಣ ಸಾಕು. ಆರೋಗ್ಯವಿರುವಾಗ ರುಕೂಅ್‌ಗೆ ಬಾಗದ ಬೆನ್ನು, ಕಾಯಿಲೆ ಬಂದ ಮೇಲೆ ಬಾಗಲು ಬಯಸಿದರೂ ಬಾಗದು.

ಕೋಪದ ಆ ರಾತ್ರಿ

ಇಲ್ಲಿಯವರೆಗೆ ಓದಿದವರು, ಇವರೊಬ್ಬರು ವಲಿಯೇ ಸರಿ ಎಂದು ಭಾವಿಸಬಹುದು. ಆದುದರಿಂದ ಇನ್ನೊಂದು ವಿಷಯವನ್ನೂ ಮುಚ್ಚಿಡದೆ ಹೇಳಬೇಕಾಗಿದೆ.

2022ರಲ್ಲಿ ಮಾನೆ ಜರ್ಮನಿಯ ಬಯರ್ನ್ ಮ್ಯೂನಿಕ್ ಕ್ಲಬ್ಬಿಗೆ ಸೇರಿದರು. ಪ್ರಾಯೋಜಕರಿಗಾಗಿ ತಂಡದವರು ಬಿಯರ್ ಗ್ಲಾಸು ಹಿಡಿದು ಚಿತ್ರ ತೆಗೆಸಿಕೊಂಡಾಗ ಅವರು ಗ್ಲಾಸು ಹಿಡಿಯದೆ ಬರಿಗೈಯಲ್ಲಿ ಕುಳಿತರು. ಅದನ್ನು ನೋಡಿ ಮುಸ್ಲಿಮ್ ಜಗತ್ತು ಸಂತೋಷಪಟ್ಟಿತು. ಆದರೆ ಕೆಲವೇ ತಿಂಗಳುಗಳಲ್ಲಿ, 2023ರ ಎಪ್ರಿಲ್ 11ರಂದು, ಮ್ಯಾಂಚೆಸ್ಟರ್‌ನಲ್ಲಿ ತಂಡವು 3-0ರಿಂದ ಸೋತ ರಾತ್ರಿ, ಮೈದಾನದಲ್ಲಿ ಆರಂಭವಾದ ಮಾತು ಬೆಳೆದು ಅವರು ತಮ್ಮದೇ ತಂಡದ ಆಟಗಾರನ ಮುಖಕ್ಕೆ ಹೊಡೆದರೆಂದು ಪತ್ರಿಕೆಗಳು ವರದಿ ಮಾಡಿದವು. ಕ್ಲಬ್ ಅವರನ್ನು ದುರ್ವರ್ತನೆಗಾಗಿ ಮುಂದಿನ ಪಂದ್ಯದಿಂದ ಹೊರಗಿಟ್ಟು ದಂಡ ವಿಧಿಸಿತು. ಅವರು ತಂಡದ ಮುಂದೆ ಕ್ಷಮೆ ಕೇಳಿದರೆಂದೂ ವರದಿಯಾಯಿತು. ಆ ವರ್ಷವೇ ಅವರು ಆ ಕ್ಲಬ್ ತೊರೆದು ಸೌದಿ ಅರೇಬಿಯದ ಅಲ್ ನಸ್ರ್ ತಂಡ ಸೇರಿದರು.

ಬಿಯರ್ ಗ್ಲಾಸನ್ನು ಹಿಡಿಯದೆ ಉಳಿದ ಕೈ, ಕೋಪವನ್ನು ಹಿಡಿದಿಡದಾಯಿತು! ಇದನ್ನು ಹೇಳಿ ಅವರನ್ನು ಕೀಳುಗೊಳಿಸುವ ಉದ್ದೇಶ ನನಗಿಲ್ಲ. ನನ್ನ ಉದ್ದೇಶ ಬೇರೆ. ಮದ್ಯವನ್ನು ಮುಟ್ಟದ, ಹಂದಿ ಮಾಂಸದ ವಾಸನೆಗೂ ಹೇಸುವ ನಮ್ಮಲ್ಲಿ ಎಷ್ಟೋ ಮಂದಿ ಮನೆಯಲ್ಲಿ ಹೆಂಡತಿಯ ಮೇಲೆ, ಅಂಗಡಿಯಲ್ಲಿ ಕೆಲಸದ ಹುಡುಗನ ಮೇಲೆ ಕೈಯೆತ್ತುತ್ತಾರೆ. ಅದು ಅವರಿಗೆ ಹರಾಮಾಗಿ ಕಾಣುವುದೇ ಇಲ್ಲ. ಕುಸ್ತಿಯಲ್ಲಿ ಎದುರಾಳಿಯನ್ನು ಕೆಡಹುವವನು ಬಲಶಾಲಿಯಲ್ಲ, ಕೋಪ ಬಂದಾಗ ತನ್ನನ್ನು ನಿಯಂತ್ರಿಸುವವನೇ ಬಲಶಾಲಿ ಎಂದು ಪ್ರವಾದಿ(ಸ) ಕಲಿಸಿದ್ದಾರೆ. ಕೋಪವನ್ನು ನುಂಗುವುದನ್ನೂ ಜನರನ್ನು ಕ್ಷಮಿಸುವುದನ್ನೂ ಧರ್ಮನಿಷ್ಠರ ಗುಣಗಳೆಂದು ಕುರ್‌ಆನ್ ಎಣಿಸಿದೆ.

ಇನ್ನೂ ಒಂದು ಪಾಠವಿದೆ. ಮನುಷ್ಯನನ್ನು ಮೆಚ್ಚಿರಿ, ಆದರೆ ಮಾದರಿಯ ಪೀಠದಲ್ಲಿ ಅವನನ್ನು ಕೂರಿಸಬೇಡಿರಿ. ಆ ಸ್ಥಾನ ಪ್ರವಾದಿವರ್ಯರಿಗೆ(ಸ) ಮೀಸಲು. ಆಟಗಾರನು ಎಡವಿದ ದಿನ ಅವನನ್ನು ಪೂಜಿಸಿದವನ ವಿಶ್ವಾಸವೂ ಎಡವುತ್ತದೆ. ಅವನಲ್ಲಿದ್ದ ಒಳಿತನ್ನು ಮಾತ್ರ ಪ್ರೀತಿಸಿದವನಿಗೆ ನಷ್ಟವಿಲ್ಲ. ಆ ಒಳಿತು ಅಲ್ಲಾಹನದ್ದು, ಅದು ಎಡವುವುದಿಲ್ಲ.

ಉಳಿಯುವುದು ಯಾವುದು?

ಈಗ ಬಂಬಾಲಿಗೆ ಮರಳೋಣ. ತಂದೆ ಔಷಧಿಯಿಲ್ಲದೆ ತೀರಿಹೋದ ಆ ಊರಿನಲ್ಲಿ 2021ರಲ್ಲಿ ಒಂದು ಆಸ್ಪತ್ರೆ ಉದ್ಘಾಟನೆಯಾಯಿತು. ಸುಮಾರು ಐದು ಲಕ್ಷ ಪೌಂಡ್ ವೆಚ್ಚ ಮಾಡಿ ಅದನ್ನು ಕಟ್ಟಿಸಿದವರು ಆ ಇಮಾಮರ ಮಗ. ಅಲ್ಲಿ ಹೆರಿಗೆಯ ವಿಭಾಗವಿದೆ. ಅದಕ್ಕೆ ಮೊದಲೇ ಊರಿನ ಮಕ್ಕಳಿಗೆ ಶಾಲೆಯನ್ನೂ ಕಟ್ಟಿಸಿದ್ದರು. ತಾಯಿ ಕಂಡ ಶಿಕ್ಷಕನ ಕನಸು ಮಗನಲ್ಲಿ ನಿಜವಾಗಲಿಲ್ಲ. ಆದರೆ ಆ ಮಗನಿಂದ ಒಂದು ಶಾಲೆಯೇ ಎದ್ದು ನಿಂತಿತು. 2020ರಲ್ಲಿ ಕೊರೋನ ಹರಡಿದಾಗ ದೇಶದ ಆರೋಗ್ಯ ವ್ಯವಸ್ಥೆಗೆ 3 ಕೋಟಿ ಸಿಎಫ್‌ಎ ಫ್ರಾಂಕ್ ನೀಡಿದರು.

ಎದೆಯೊಳಗಿನ ಗಾಯವನ್ನು ಮನುಷ್ಯ ಎರಡು ರೀತಿಯಲ್ಲಿ ಹೊರಬಹುದು. ಅದನ್ನು ಕೆದಕುತ್ತಾ ವಿಧಿಯನ್ನು ದೂರುತ್ತಾ ಕಾಲ ಕಳೆಯಬಹುದು. ಅಥವಾ ಇನ್ನೊಬ್ಬನಿಗೆ ಆ ಗಾಯ ಆಗದಂತೆ ನೋಡಿಕೊಳ್ಳಬಹುದು. ಮರಣದೊಂದಿಗೆ ಕರ್ಮಗಳ ಖಾತೆ ಮುಚ್ಚುತ್ತದೆ, ಮೂರು ವಿಷಯಗಳನ್ನು ಬಿಟ್ಟು ಎಂದು ಪ್ರವಾದಿ(ಸ) ತಿಳಿಸಿದ್ದಾರೆ: ನಿರಂತರ ಫಲ ಕೊಡುವ ದಾನ, ಪ್ರಯೋಜನಕಾರಿ ಜ್ಞಾನ, ಹೆತ್ತವರಿಗಾಗಿ ಪ್ರಾರ್ಥಿಸುವ ಸಚ್ಚರಿತ ಸಂತತಿ. ಬಂಬಾಲಿಯ ಆ ಬಡ ಇಮಾಮರು ಸಾಯುವಾಗ ಏನೂ ಬಿಟ್ಟು ಹೋಗಿರಲಿಲ್ಲ ಎಂದು ಜನರು ಹೇಳಿರಬಹುದು. ಒಬ್ಬ ಮಗನನ್ನು ಬಿಟ್ಟು ಹೋಗಿದ್ದರು. ಅದು ಸಣ್ಣ ಆಸ್ತಿಯೇ?

ಮೂರು ನಿಮಿಷದೊಳಗಿನ ಮೂರು ಗೋಲಿನ ದಾಖಲೆಯನ್ನು ನಾಳೆ ಇನ್ನೊಬ್ಬನು ಮುರಿದಾನು. ಕಪ್‌ಗಳ ಹೊಳಪು ಮಾಸೀತು. ಕಾಲುಗಳ ಕಸುವು ಈಗಾಗಲೇ ಇಳಿಯುವ ಪ್ರಾಯ. ಆದರೆ ಆ ಆಸ್ಪತ್ರೆಯಲ್ಲಿ ಹುಟ್ಟುವ ಪ್ರತಿಯೊಂದು ಮಗುವಿನ ಅಳು, ಇನ್‌ಶಾ ಅಲ್ಲಾಹ್, ಆ ತಂದೆಮಗನ ಕರ್ಮಪತ್ರದಲ್ಲಿ ಬರೆಯಲ್ಪಡುತ್ತಲೇ ಇರುತ್ತದೆ.

ಕೋಟಿಗಳಿದ್ದರೆ ನಾವೂ ಆಸ್ಪತ್ರೆ ಕಟ್ಟುತ್ತಿದ್ದೆವು ಎನ್ನಬೇಡಿರಿ. ಅಲ್ಲಾಹನು ಇಲ್ಲದ ಹಣದ ಲೆಕ್ಕ ಕೇಳುವುದಿಲ್ಲ, ಇದ್ದುದರ ಲೆಕ್ಕ ಕೇಳುತ್ತಾನೆ. ನಿಮ್ಮ ಬಾಲ್ಯದಲ್ಲಿ ನಿಮ್ಮನ್ನು ಯಾವ ಕೊರತೆ ಅಳಿಸಿತ್ತು? ಪುಸ್ತಕವಿಲ್ಲದ್ದೇ? ಶಾಲೆಯ ಫೀಸು ಕಟ್ಟಲಾಗದೆ ಮನೆಗೆ ಕಳುಹಿಸಿದ್ದೇ? ರಾತ್ರಿ ಹೊತ್ತು ತಾಯಿಯನ್ನು ಆಸ್ಪತ್ರೆಗೆ ಕೊಂಡೊಯ್ಯಲು ವಾಹನವಿಲ್ಲದ್ದೇ? ನಿಮ್ಮ ಮೊಹಲ್ಲಾದಲ್ಲಿ ಇಂದು ಅದೇ ಕೊರತೆಯಿಂದ ಅಳುವ ಮಗುವೊಂದಿದೆ. ಹುಡುಕಿರಿ. ನಿಮ್ಮ ಪಾಲಿನ ಬಂಬಾಲಿ ಅದು.

ಇನ್ನು ಆ ತಂದೆಯ ಪ್ರಶ್ನೆಗೆ ಬರೋಣ. ಆಟಗಾರನಿಂದ ಮಗನಿಗೇನು ಸಿಗುತ್ತದೆ? ಬರೀ ಗೋಲು ನೋಡಿದರೆ ಒಂದಷ್ಟು ರೋಮಾಂಚನ ಸಿಗುತ್ತದೆ, ಒಂದು ನಮಾಝ್ ಹೋಗುತ್ತದೆ. ನಷ್ಟದ ವ್ಯಾಪಾರ. ಆದರೆ ಮಗನನ್ನು ಹತ್ತಿರ ಕೂರಿಸಿ, ಗೋಲು ಹೊಡೆದ ಬಳಿಕ ಆ ಮನುಷ್ಯ ಹುಲ್ಲಿನ ಮೇಲೆ ಸುಜೂದ್ ಮಾಡುವುದನ್ನು ತೋರಿಸಿ, "ಮಗಾ, ಅವರ ಹಣೆ ನೆಲ ಮುಟ್ಟಿತಲ್ಲ, ಇಂದು ಸುಬ್‌ಹಿಯಲ್ಲಿ ನಮ್ಮಿಬ್ಬರದ್ದೂ ಮುಟ್ಟಲಿ" ಎಂದು ಹೇಳಿದರೆ? ಆದರೆ ಒಂದು ಷರತ್ತಿದೆ. ಹಾಗೆ ಹೇಳುವ ತಂದೆ ಮೊದಲು ತಾನು ಎದ್ದಿರಬೇಕು. ಹೊದಿಕೆಯೊಳಗಿಂದ ಮಗನನ್ನು ನಮಾಝಿಗೆ ಕರೆಯುವ ತಂದೆಯ ಧ್ವನಿ ಯಾವ ಮಗನಿಗೂ ಕೇಳಿಸದು.

ಓ ಅಲ್ಲಾಹ್, ನಮ್ಮ ಮತ್ತು ನಮ್ಮ ಮಕ್ಕಳ ಹೃದಯಗಳಲ್ಲಿ ನಿನ್ನ ಪ್ರೀತಿಯನ್ನೂ ನಿನ್ನ ಪ್ರವಾದಿಯವರ(ಸ) ಪ್ರೀತಿಯನ್ನೂ ಎಲ್ಲ ಪ್ರೀತಿಗಳಿಗಿಂತ ಮೇಲಿಡು. ನಮ್ಮ ಕೋಪವನ್ನು ನಮ್ಮ ವಶದಲ್ಲಿರಿಸು. ನಮ್ಮ ನೋವುಗಳನ್ನು ಇತರರ ಪಾಲಿಗೆ ನೆರಳಾಗಿಸು. ನಮ್ಮ ನಂತರವೂ ನಮಗಾಗಿ ಕೈಯೆತ್ತುವ ಸಂತತಿಯನ್ನು ನಮಗೆ ದಯಪಾಲಿಸು. ಆಮೀನ್.